ಗೋಡೆಗೆ ಅಂಟಿಸಿದ ಪಟ್ಟಿ ಜೀವ ಉಳಿಸುತ್ತಾ?

ದೋಣಿಗಲ್ ಬಳಿ ಹೆದ್ದಾರಿ ಕುಸಿದು ಶಿರಾಡಿ ಘಾಟ್ ಬಂದ್ ಆಗೋದು ಹೊಸ ಸುದ್ದಿಯೇನಲ್ಲ. 2021ರ ಜುಲೈನಲ್ಲಿ ಆಯ್ತು, 2022ರ ಜುಲೈನಲ್ಲೂ ಆಯ್ತು. ಅಂಥದ್ದೊಂದು ದಿನ ಸಕಲೇಶಪುರದಲ್ಲಿ ಸಿಸೇರಿಯನ್ ಆದ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲಲಿಲ್ಲ ಅಂದ್ಕೊಳ್ಳಿ. ಮಂಗಳೂರಿಗೆ ದಾರಿಯಿಲ್ಲ, ಹಾಸನ ಸುಮಾರು 40 ಕಿ.ಮೀ. ದೂರ. ಮೊದಲ ಹತ್ತು ನಿಮಿಷ ಅವಳ ಜೀವ ಥಿಯೇಟರ್‌ನಲ್ಲಿರುವ ನಾಲ್ಕೈದು ಜನರ ಕೈಯಲ್ಲಿ.

ಏನು ಮಾಡಬೇಕು ಅಂತ ಅವರಿಗೆ ಗೊತ್ತು: ಸಹಾಯಕ್ಕೆ ಜನ ಕರೆಯಬೇಕು, ಗರ್ಭಕೋಶ ಉಜ್ಜಬೇಕು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್ ಕೊಡಬೇಕು, ರಕ್ತ ತರಿಸಬೇಕು. ಆದರೆ ಗಾಬರಿಯಲ್ಲಿ ಒಂದು ಹೆಜ್ಜೆ ತಪ್ಪುತ್ತೆ. 'ಇನ್ಯಾರೋ ಮಾಡಿರ್ತಾರೆ' ಅಂತ ಎಲ್ಲರೂ ಅಂದ್ಕೋತಾರೆ.

ತುರ್ತು ಚೆಕ್‌ಲಿಸ್ಟ್ ಇರೋದು ಇದಕ್ಕೇ. ಒಬ್ಬರು ಜೋರಾಗಿ ಓದುತ್ತಾರೆ, ಉಳಿದವರು ಮಾಡಿ 'ಆಯ್ತು' ಅಂತಾರೆ. ಅಮೆರಿಕದಲ್ಲಿ 17 ಥಿಯೇಟರ್ ತಂಡಗಳನ್ನು ಅಣಕು ತುರ್ತು ಸನ್ನಿವೇಶಗಳಲ್ಲಿ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ನೆನಪಿನಿಂದ ಮಾಡಿದಾಗ ಶೇ. 23ರಷ್ಟು ಹೆಜ್ಜೆಗಳು ತಪ್ಪಿದ್ದವು. ಪಟ್ಟಿ ಕೈಯಲ್ಲಿದ್ದಾಗ ಶೇ. 6 ಮಾತ್ರ.

ನಮ್ಮಲ್ಲೂ ಸಾಕ್ಷಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಅನ್ನು 2010ರಲ್ಲಿ ಕರ್ನಾಟಕದ ಹೆರಿಗೆ ಕೇಂದ್ರವೊಂದರಲ್ಲಿ ಪ್ರಯೋಗಿಸಿದರು. ಮೊದಲು ಪ್ರತಿ ಹೆರಿಗೆಯಲ್ಲಿ 29 ಅಗತ್ಯ ಕೆಲಸಗಳ ಪೈಕಿ ಸರಾಸರಿ 10 ಆಗುತ್ತಿದ್ದವು, ಆಮೇಲೆ 25.

ಹಾಗಂತ ಪಟ್ಟಿಯೇನು ಮಂತ್ರದಂಡವಲ್ಲ. ಅದೇ ಹೆರಿಗೆ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲಿ ಬಳಸಿ ನೋಡಿದಾಗ ಸಿಬ್ಬಂದಿಯ ಕೆಲಸ ಸುಧಾರಿಸಿತು, ಸಾವು ಇಳಿಯಲಿಲ್ಲ. ಪಟ್ಟಿ ರಕ್ತ ತಂದುಕೊಡಲ್ಲ, ಖಾಲಿ ಹುದ್ದೆ ತುಂಬಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಬಂದದ್ದು ಅವರಿಗೆ ಕೊಟ್ಟ ಐವಿ ದ್ರಾವಣದ ಮೇಲೆ. 'ಡ್ರಿಪ್ ಹಾಕಿ' ಅಂತ ಪಟ್ಟಿ ಹೇಳಬಹುದು. ಬಾಟಲಿಯೊಳಗೆ ಏನಿದೆ ಅನ್ನೋದಕ್ಕೆ ಜವಾಬ್ದಾರಿ ಸರ್ಕಾರದ್ದು.

ಹಾಗಾಗಿ ನಿಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಎರಡು ಪ್ರಶ್ನೆ ಕೇಳಿ. ಥಿಯೇಟರ್‌ನಲ್ಲಿ ತುರ್ತು ಪಟ್ಟಿ ಇದೆಯಾ, ಅದರ ತಾಲೀಮು ನಡೆಯುತ್ತಾ? ಪಟ್ಟಿಯಲ್ಲಿರೋ ಔಷಧ, ರಕ್ತ, ಜನ ರಾತ್ರಿ ಎರಡು ಗಂಟೆಗೂ ಸಿಗ್ತಾರಾ? ಮೊದಲನೆಯದಕ್ಕೆ ಖರ್ಚು ಕಡಿಮೆ, 'ಹೌದು' ಅನ್ನೋದು ಸುಲಭ. ಉತ್ತರ ಬರೋವರೆಗೂ ಬಿಡದೆ ಕೇಳಬೇಕಾದದ್ದು ಎರಡನೆಯದನ್ನು.