ಅಡಿಕೆ ಸಸಿಗೆ ನುಸಿ: ಔಷಧಿಗೆ ಮೊದಲು ಎಲೆ ಮಗುಚಿ ನೋಡಿ



ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ, ಅಡಿಕೆ ಸಸಿಗಳು ಹಳದಿಯಾಗಿವೆಯೆಂದು ಹಲವರು ಸಂಘದ ಕಚೇರಿಗೆ ಬರುತ್ತಾರೆ. ಯೂರಿಯಾ ಕೇಳುವವರೇ ಹೆಚ್ಚು; ಎಲೆ ಮಗುಚಿ ನೋಡಿದವರು ಕಡಿಮೆ.

ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿರಿ. ತೆಳುವಾದ ಬಲೆಯಡಿ ಹರಿದಾಡುವುದು ಬಿಳಿ ನುಸಿ. ಬಲೆಯಿಲ್ಲದೆ ಗುಂಪಾಗಿರುವುದು ಕೆಂಪು ನುಸಿ. ಎರಡೂ ರಸ ಹೀರುತ್ತವೆ. ಎಲೆಯಲ್ಲಿ ಮೊದಲು ಹಳದಿ ಚುಕ್ಕೆ, ಬಳಿಕ ಕಂಚಿನ ಬಣ್ಣ ಕಾಣುತ್ತದೆ. ಕೊನೆಗೆ ಎಲೆ ಒಣಗುತ್ತದೆ.

ನುಸಿ ಕೀಟವಲ್ಲ, ಎಂಟು ಕಾಲಿನ, ಜೇಡದ ಬಳಗದ ಜೀವಿ. ಅನೇಕ ಕೀಟನಾಶಕಗಳಿಗೆ ಅದು ಸಾಯುವುದಿಲ್ಲ. ಅದನ್ನು ತಿನ್ನುವ ಸಣ್ಣ ಕಪ್ಪು ಗುಲಗಂಜಿ ಹುಳು ಸಾಯುತ್ತದೆ. ನಾನೇ ಒಮ್ಮೆ ಕೈಗೆ ಸಿಕ್ಕ ಔಷಧಿ ಹೊಡೆದು, ಹದಿನೈದು ದಿನದಲ್ಲಿ ನುಸಿ ಹೆಚ್ಚಿಸಿಕೊಂಡು, ಒಂದು ಮಡಿ ಸಸಿ ಕಳೆದುಕೊಂಡೆ.

ಮೊದಲು ನೆರಳು ಮಾಡಿ, ತಪ್ಪದೆ ನೀರು ಕೊಡಿರಿ. ತೀರ ಕೆಟ್ಟ ಕೆಳಗಿನ ಎಲೆಗಳನ್ನು ಕತ್ತರಿಸಿ ಸುಡಿರಿ. ಅಡಿಭಾಗಕ್ಕೆ ನೀರನ್ನು ರಭಸದಿಂದ ಹಾಯಿಸಿರಿ. ಆಗಲೂ ತಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಕಲಸಿ, ಬಿಸಿಲಿಳಿದ ಮೇಲೆ ಎಲೆಯಡಿಗೆ ಸಿಂಪಡಿಸಿರಿ. ಎಣ್ಣೆಯ ಜೊತೆ ಬೆರೆಸಬೇಡಿರಿ, ಎಲೆ ಸುಡುತ್ತದೆ.

ನಾವೆಲ್ಲ ನಂಬಿದ್ದ ಡೈಕೋಫಾಲನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಬಾಟಲಿ ಉಳಿದಿದ್ದರೆ ಬಳಸಬಾರದು. ತೋಡಿಗೂ ಸುರಿಯಬಾರದು, ಮೀನು ಸಾಯುತ್ತದೆ.

ಮಳೆ ಹಿಡಿದರೆ ನುಸಿ ತಾನೇ ತಗ್ಗುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಎಲೆ ಮಗುಚಿ ನೋಡಿರಿ. ಅದಕ್ಕೆ ಖರ್ಚಿಲ್ಲ.

— ಕಾರ್ಯದರ್ಶಿ