ಕಲ್ಲಿಗೂ ವೈದ್ಯರು ಬೇಕು

ಅಜಂತಾ ಗುಹೆಗಳ ಚಿತ್ರಗಳು ಗಾರೆಯ ಸಮೇತ ಉದುರುತ್ತಿರುವುದನ್ನು ಕಂಡ ಹೈದರಾಬಾದಿನ ನಿಜಾಮ ಸರ್ಕಾರ 1920ರಲ್ಲಿ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಸಡಿಲಗೊಂಡ ಗಾರೆಯನ್ನು ಅವರು ಗೋಡೆಗೆ ಭದ್ರಪಡಿಸಿದರು. ಅದು ಉಪಕಾರವೇ. ಆದರೆ ಬಣ್ಣ ಉಳಿಯಲೆಂದು ಬಳಿದ ಅರಗಿನ ಲೇಪ ಕ್ರಮೇಣ ಹಳದಿಗಟ್ಟಿ ಚಿತ್ರಗಳನ್ನೇ ಮಬ್ಬಾಗಿಸಿತು. ಅದನ್ನು ಚೂರುಚೂರಾಗಿ ತೆಗೆಯುವ ಹೊಣೆ ಮುಂದೆ ಪುರಾತತ್ವ ಇಲಾಖೆಯ ರಸಾಯನ ತಜ್ಞರ ಮೇಲೆ ಬಿತ್ತು.

ಪರಂಪರೆಯನ್ನು ಉಳಿಸಲು ಅಭಿಮಾನವೊಂದೇ ಸಾಲದು, ವಸ್ತುವಿನ ಗುಣವನ್ನೂ ಅದರ ಸುತ್ತಲಿನ ಗಾಳಿ, ನೀರು, ಜೀವಿಗಳ ಸ್ವಭಾವವನ್ನೂ ಅರಿತವರು ಬೇಕು ಎಂಬುದು ಅಜಂತಾ ಕಲಿಸಿದ ಪಾಠ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1917ರಲ್ಲಿಯೇ ರಸಾಯನ ತಜ್ಞರ ಹುದ್ದೆಯನ್ನು ಸೃಷ್ಟಿಸಿತ್ತು. ಅದರ ವಿಜ್ಞಾನ ಶಾಖೆ ಇಂದು ಡೆಹರಾಡೂನಿನಲ್ಲಿದೆ.

ಇವರ ಕೆಲಸವಾದರೂ ಏನು? ಮಳೆ ಹೆಚ್ಚಿರುವ ಕಡೆ ದೇಗುಲಗಳ ಗೋಡೆಯ ಮೇಲೆ ಪಾಚಿ, ಕಲ್ಲುಹೂವು ಬೆಳೆಯುತ್ತವೆ. ಕಲ್ಲುಹೂವು ಆಮ್ಲ ಸ್ರವಿಸಿ ಶಿಲೆಯನ್ನು ತಿನ್ನುತ್ತದೆ. ಕೆರೆದರೆ ಶಿಲ್ಪದ ನಯವೇ ಹೋದೀತು. ಆದ್ದರಿಂದ ತೆಳು ಅಮೋನಿಯಾ ದ್ರಾವಣ ಹಾಗೂ ಮೃದುವಾದ ಬ್ರಷ್‌ನಿಂದ ನಿಧಾನವಾಗಿ ತೊಳೆಯುತ್ತಾರೆ. ಕಲ್ಲಿನೊಳಗೆ ಉಪ್ಪು ಸೇರಿದ್ದರೆ, ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ತಿರುಳನ್ನು ಗಾಯಕ್ಕೆ ಪಟ್ಟು ಹಾಕಿದಂತೆ ಮೆತ್ತುತ್ತಾರೆ. ತಿರುಳು ಒಣಗುತ್ತ ಉಪ್ಪನ್ನು ಹೀರಿಕೊಳ್ಳುತ್ತದೆ.

ಪರಿಸರ ವಿಜ್ಞಾನಿಗಳ ಪಾತ್ರವೂ ಕಡಿಮೆಯದಲ್ಲ. ಗಾಳಿಯಲ್ಲಿನ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಅಮೃತಶಿಲೆಯನ್ನು ಕೊರೆಯುತ್ತದೆ ಎಂಬ ತಿಳಿವಳಿಕೆಯೇ ತಾಜ್‌ಮಹಲ್ ಮೊಕದ್ದಮೆಯ ಜೀವಾಳವಾಗಿತ್ತು. 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟು ಸುತ್ತಲಿನ 292 ಕೈಗಾರಿಕೆಗಳಿಗೆ ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಿ, ಇಲ್ಲವೇ ಅಲ್ಲಿಂದ ತೆರಳಿ ಎಂದು ಆದೇಶಿಸಿತು.

ಸಸ್ಯಶಾಸ್ತ್ರಕ್ಕೂ ಇಲ್ಲಿ ಜಾಗವುಂಟು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿದಾಗ ಸುಟ್ಟು ಕರಿಕಾದ ಕಾಳುಗಳು ತೇಲಿಬಂದವು. ಸೂಕ್ಷ್ಮದರ್ಶಕದಡಿ ಅವು ಹುರುಳಿ, ಹೆಸರು, ಕೊರಲೆ ಎಂದು ಗೊತ್ತಾಯಿತು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಊಟ ಹೀಗೆ ಬೆಳಕಿಗೆ ಬಂತು.

ಓದು ಯಾವುದು?

ಪುರಾತತ್ವ ಇಲಾಖೆಯ ವಿಜ್ಞಾನ ಶಾಖೆ ಸೇರಬಯಸುವವರಿಗೆ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಖ್ಯ. ಉತ್ಖನನದತ್ತ ಒಲವುಳ್ಳವರಿಗೆ ಪ್ರಾಚೀನ ಇತಿಹಾಸ ಅಥವಾ ಪುರಾತತ್ವದ ಎಂ.ಎ. ಬೇಕು. ಇಲಾಖೆ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಎರಡು ವರ್ಷಗಳ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಭೂವಿಜ್ಞಾನ ಓದಿದವರನ್ನೂ ಪರಿಗಣಿಸುತ್ತಾರೆ. ಪರಾಗ ಮತ್ತು ಪಳೆಯುಳಿಕೆಗಳ ಸಂಶೋಧನೆಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಹೆಸರಾಗಿದೆ. ವಸ್ತುಸಂಗ್ರಹಾಲಯದ ಸಿಬ್ಬಂದಿಗೆ ಸಂರಕ್ಷಣೆಯ ತರಬೇತಿ ನೀಡಲು ಅದೇ ನಗರದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ.

ಹುದ್ದೆಗಳು ಹೆಚ್ಚಿಲ್ಲ, ಕಾಯಬೇಕಾದೀತು ಎಂಬುದು ನಿಜ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಶಿಕ್ಷಣ ಕ್ರಮದ್ದು. ಹತ್ತನೆಯ ತರಗತಿ ಮುಗಿಯುತ್ತಲೇ ವಿಜ್ಞಾನದವರು, ಕಲಾ ವಿಭಾಗದವರು ಬೇರೆಯಾಗುತ್ತಾರೆ. ಒಬ್ಬರಿಗೆ ಶಾಸನ ಗೊತ್ತಿಲ್ಲ, ಮತ್ತೊಬ್ಬರಿಗೆ ಆಮ್ಲ ಗೊತ್ತಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಲ್ಲು ಉಳಿಯದು. ಎರಡನ್ನೂ ಬಲ್ಲ ಹುಡುಗ ಹುಡುಗಿಯರು ಮುಂದೆ ಬಂದರಷ್ಟೇ ಅದು ಉಳಿದೀತು.