ರಕ್ತಕ್ಕೆ ಉಪಕಾರಿ, ಮೂತ್ರಪಿಂಡಕ್ಕೆ ಮಾರಿ

ಏಡ್ಸ್‌ಗೆ ಆ ಹೆಸರು ಬಿದ್ದು ಎರಡೇ ವರ್ಷವಾಗಿತ್ತು. 1984ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಟಿ.ಕೆ. ಶ್ರೀಪಾದ ರಾವ್ ಮತ್ತು ಸಂಗಡಿಗ ವೈದ್ಯರು ಒಂದು ವರದಿ ಪ್ರಕಟಿಸಿದರು. ಏಡ್ಸ್ ರೋಗಿಗಳಲ್ಲಿ ಕೆಲವರ ಮೂತ್ರದಲ್ಲಿ ವಿಪರೀತ ಪ್ರೋಟೀನು ಸೋರಿಹೋಗುತ್ತಿತ್ತು; ನೋಡನೋಡುತ್ತಲೇ, ಕೆಲವೇ ತಿಂಗಳಲ್ಲಿ, ಕಿಡ್ನಿ ಪೂರ್ತಿ ಕೈಕೊಡುತ್ತಿತ್ತು. ಮಿಯಾಮಿಯ ವೈದ್ಯರೂ ತಾವು ಅದನ್ನೇ ನೋಡುತ್ತಿದ್ದೇವೆ ಎಂದರು. ಸ್ಯಾನ್ ಫ್ರಾನ್ಸಿಸ್ಕೊದವರು ಮಾತ್ರ ನಂಬಲಿಲ್ಲ. ಅವರ ವಾರ್ಡುಗಳಲ್ಲೂ ಏಡ್ಸ್ ರೋಗಿಗಳು ತುಂಬಿದ್ದರು, ಆದರೆ ಇಂಥ ಕಿಡ್ನಿ ಕಾಯಿಲೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬ್ರೂಕ್ಲಿನ್ ರೋಗಿಗಳಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರು ಹೆಚ್ಚು, ಇದು ಹೆರಾಯಿನ್ನಿನ ಕೆಲಸ ಎಂದು ಹಲವರು ಕೈತೊಳೆದುಕೊಂಡರು.

ಆ ವಾದ ಬಿದ್ದುಹೋದದ್ದು ಮಕ್ಕಳಿಂದ. ಮಿಯಾಮಿಯಲ್ಲಿ ತಾಯಿಯಿಂದ ಎಚ್‌ಐವಿ ಪಡೆದು ಹುಟ್ಟಿದ ಮಕ್ಕಳಲ್ಲೂ ಅದೇ ಕಾಯಿಲೆ ಕಾಣಿಸಿತು. ಕೂಸುಗಳು ಹೆರಾಯಿನ್ ಚುಚ್ಚಿಕೊಳ್ಳುವುದಿಲ್ಲವಲ್ಲ. ಎರಡು ಕರಾವಳಿಗಳ ನಡುವಿನ ನಿಜವಾದ ವ್ಯತ್ಯಾಸ ಬೇರೆಯೇ ಇತ್ತು: ಸ್ಯಾನ್ ಫ್ರಾನ್ಸಿಸ್ಕೊದ ರೋಗಿಗಳು ಬಹುಪಾಲು ಬಿಳಿಯರು, ಬ್ರೂಕ್ಲಿನ್ ಮತ್ತು ಮಿಯಾಮಿಯವರು ಬಹುಪಾಲು ಕರಿಯರು. ಎಚ್‌ಐವಿ ನೆಫ್ರೋಪತಿ ಎಂದು ಕಾಯಿಲೆಗೆ ಹೆಸರಾಯಿತು. ಜತೆಗೇ ‘ಇದು ಕಪ್ಪು ಜನರಿಗೆ ಬರುವ ಕಾಯಿಲೆ’ ಎಂಬ ಮಾತೂ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿತು. ಆ ಮಾತು ಅರ್ಧ ಸತ್ಯ ಎಂದು ತಿಳಿಯಲು ಕಾಲು ಶತಮಾನ ಹಿಡಿಯಿತು.

ಒಳಗೆ ಏನಾಗುತ್ತದೆ, ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿರುವ ಈ ಜರಡಿಯ ಹೆಸರು ಗ್ಲೊಮೆರುಲಸ್. ಉಂಡೆಯ ಹೊರಮೈಗೆ ಪೋಡೋಸೈಟ್ ಎಂಬ ಕೋಶಗಳು ಆತುಕೊಂಡಿರುತ್ತವೆ. ಎರಡೂ ಕೈಬೆರಳುಗಳನ್ನು ಒಂದರ ಸಂದಿಗೊಂದು ಕೋದಂತೆ ಅವುಗಳ ಪಾದಗಳು ಹೆಣೆದುಕೊಂಡಿರುತ್ತವೆ. ನೀರು, ಉಪ್ಪು, ಕಸ ಆ ಸಂದಿನಿಂದ ಇಳಿದುಹೋಗುತ್ತವೆ, ಪ್ರೋಟೀನು ರಕ್ತದಲ್ಲೇ ಉಳಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಹೀಗೆ ಸೋಸಿ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದನ್ನು ದೇಹ ವಾಪಸು ಹೀರಿಕೊಳ್ಳುತ್ತದೆ ಅನ್ನುವುದು ನಮ್ಮ ಪುಣ್ಯ.

ಪೋಡೋಸೈಟ್ ಸತ್ತರೆ ಅದರ ಜಾಗಕ್ಕೆ ಹೊಸದು ಬರುವುದು ಬಲು ಕಷ್ಟ. ಎಚ್‌ಐವಿ ಈ ಕೋಶದೊಳಕ್ಕೇ ನುಗ್ಗುತ್ತದೆ. ಕೋಶ ತನ್ನ ಪಾದಗಳನ್ನು ಮಡಚಿಕೊಂಡು, ಕಸುಬು ಮರೆತ ಕುಶಲಕರ್ಮಿಯಂತೆ, ಅರ್ಥವಿಲ್ಲದೆ ಬೆಳೆಯತೊಡಗುತ್ತದೆ. ಕೆಳಗಿನ ರಕ್ತನಾಳಗಳ ಉಂಡೆ ಗಾಳಿ ಇಳಿದ ಬಲೂನಿನಂತೆ ಮುದುಡಿಕೊಳ್ಳುತ್ತದೆ. ಬಯಾಪ್ಸಿಯ ಗಾಜಿನ ಮೇಲೆ ಈ ಮುದುಡನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ದೀರ್ಘಕಾಲದ ಕಿಡ್ನಿ ರೋಗದಲ್ಲಿ ಮೂತ್ರಪಿಂಡ ಸಾಮಾನ್ಯವಾಗಿ ಕುಗ್ಗುತ್ತದೆ. ಇಲ್ಲಿ ಮಾತ್ರ ಸ್ಕ್ಯಾನಿಂಗಿನಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಕಾಲು ಊದುವುದು, ಬಿ.ಪಿ. ಏರುವುದು ಕೂಡ ಎಷ್ಟೋ ಜನರಲ್ಲಿ ಇರುವುದಿಲ್ಲ. ರೋಗಿಗೆ ತನ್ನ ಕಿಡ್ನಿ ಹೋಗುತ್ತಿದೆ ಎಂಬ ಸುಳಿವು ಸಿಗುವುದೇ ತಡವಾಗಿ.

ವೈರಸ್ಸು ಒಂದೇ ಆದರೂ ಕೆಲವರ ಪೋಡೋಸೈಟ್ ಮಾತ್ರ ಏಕೆ ಕುಸಿಯಬೇಕು? 2008ರಲ್ಲಿ ವಿಜ್ಞಾನಿಗಳು 22ನೆಯ ಕ್ರೋಮೋಸೋಮಿನ ಒಂದು ಜಾಗದ ಮೇಲೆ ಬೆರಳಿಟ್ಟು, ಎಂವೈಎಚ್9 ಎಂಬ ವಂಶವಾಹಿಯೇ ಅಪರಾಧಿ ಎಂದರು. ಬೀದಿ ಸರಿಯಾಗಿತ್ತು, ಬಾಗಿಲು ತಪ್ಪಾಗಿತ್ತು. 2010ರಲ್ಲಿ ಬಾಸ್ಟನ್ನಿನ ಮಾರ್ಟಿನ್ ಪೊಲಾಕ್, ಡೇವಿಡ್ ಫ್ರೀಡ್‌ಮನ್ ಮತ್ತು ಬ್ರಸೆಲ್ಸ್‌ನ ಎಟಿಯೆನ್ ಪೇ ಅವರ ತಂಡಗಳು ಸೇರಿ ಪಕ್ಕದ ಮನೆಯ ಬಾಗಿಲು ತಟ್ಟಿದವು. ಅಲ್ಲಿದ್ದದ್ದು ಅಪೊಎಲ್1. ಈ ಜೀನಿನ ಎರಡು ರೂಪಾಂತರಗಳು, ಜಿ1 ಮತ್ತು ಜಿ2, ಆಫ್ರಿಕಾ ಮೂಲದವರಲ್ಲಿ ಮಾತ್ರ ಹೆಚ್ಚಾಗಿ ಕಾಣುತ್ತವೆ.

ಬ್ರಸೆಲ್ಸ್‌ನವರು ಈ ಕಥೆಯೊಳಗೆ ಹೇಗೆ ಬಂದರು ಎಂಬುದೇ ಸ್ವಾರಸ್ಯ. ಅವರಿಗೆ ಕಿಡ್ನಿಯ ಗೊಡವೆಯೇ ಇರಲಿಲ್ಲ. ಅವರದು ಆಫ್ರಿಕಾದ ನಿದ್ರಾರೋಗದ ಅಧ್ಯಯನ. ತ್ಸೆತ್ಸೆ ಎಂಬ ನೊಣ ಕಚ್ಚಿದಾಗ ಟ್ರಿಪನೊಸೋಮ್ ಎಂಬ ಪರಾವಲಂಬಿ ರಕ್ತಕ್ಕೆ ಸೇರಿ, ಕೊನೆಗೆ ಮಿದುಳನ್ನು ಹೊಕ್ಕು ಕೊಲ್ಲುತ್ತದೆ. ಆಫ್ರಿಕಾದಲ್ಲಿ ದನಕರುಗಳನ್ನು ಕಾಡುವ ಟ್ರಿಪನೊಸೋಮ್‌ಗಳು ಹಲವು, ಮನುಷ್ಯನನ್ನು ಕಾಡುವವು ಎರಡೇ ಬಗೆ. ಮನುಷ್ಯನ ರಕ್ತದ ದ್ರವ ಭಾಗದಲ್ಲೇ ಅವನ್ನು ಕೊಲ್ಲುವ ಏನೋ ಇದೆ ಎಂದು ವಿಜ್ಞಾನಿ ಲಾವೆರಾನ್ 1902ರಲ್ಲೇ ಗಮನಿಸಿದ್ದರು. ಆ ‘ಏನೋ’ ಅಪೊಎಲ್1 ಎಂಬ ಪ್ರೋಟೀನು ಎಂದು ಬ್ರಸೆಲ್ಸ್ ತಂಡ 2003ರಲ್ಲಿ ತೋರಿಸಿತು. ಅದು ಕೆಲಸ ಮಾಡುವ ರೀತಿ ಪತ್ತೇದಾರಿ ಕಾದಂಬರಿಯದು. ನಾವು ಒಳ್ಳೆ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಕಣದ ಮೇಲೆ ಅದು ಸವಾರಿ ಹೊರಡುತ್ತದೆ. ಪರಾವಲಂಬಿ ಆ ಕಣವನ್ನು ಊಟವೆಂದು ನುಂಗುತ್ತದೆ. ಹೊಟ್ಟೆಯ ಹುಳಿ ತಾಗಿದೊಡನೆ ಅಪೊಎಲ್1 ಎಚ್ಚರಗೊಂಡು ಪೊರೆಯಲ್ಲಿ ತೂತು ಕೊರೆಯುತ್ತದೆ. ಟ್ರಿಪನೊಸೋಮ್ ಉಬ್ಬಿ ಒಡೆಯುತ್ತದೆ.

ಪರಾವಲಂಬಿಯೂ ಸುಮ್ಮನಿರಲಿಲ್ಲ. ಮನುಷ್ಯನನ್ನು ಕಾಡುವ ಎರಡು ಬಗೆಗಳೂ ಅಪೊಎಲ್1ನ ಕಣ್ಣಿಗೆ ಮಣ್ಣೆರಚುವ ತಮ್ಮದೇ ಉಪಾಯ ಕಂಡುಕೊಂಡವು. ಪೂರ್ವ ಆಫ್ರಿಕಾದ ಬಗೆ ಒಂದು ಪ್ರೋಟೀನನ್ನು ತಯಾರಿಸಿ ಅಪೊಎಲ್1ನ ಬಾಲ ಹಿಡಿದು ಕಟ್ಟಿಹಾಕಿತು. ಆಗ ಕೆಲವು ಮನುಷ್ಯರಲ್ಲಿ ಬಾಲ ಬದಲಾಯಿತು: ಜಿ1ನಲ್ಲಿ ಎರಡು ಅಕ್ಷರ ಬೇರೆಯಾದವು, ಜಿ2ನಲ್ಲಿ ಆರು ಅಕ್ಷರ ಉದುರಿದವು. ಹಿಡಿತ ಜಾರಿತು. ಆ ಬದಲಾವಣೆ ಹೊತ್ತವರು ಬದುಕಿದರು, ಮಕ್ಕಳನ್ನು ಹೆತ್ತರು. ಕುಡಗೋಲು ಕಣ ರಕ್ತಹೀನತೆ ನಮ್ಮ ಚಾಮರಾಜನಗರ, ನೀಲಗಿರಿಗಳ ಬುಡಕಟ್ಟುಗಳಲ್ಲಿ ಉಳಿದುಕೊಂಡದ್ದೂ ಹೀಗೇ. ಅದರ ಜೀನು ಒಂದು ಪ್ರತಿ ಇದ್ದವರನ್ನು ಮಲೇರಿಯಾದಿಂದ ಕಾಯುತ್ತದೆ, ಎರಡು ಬಂದವರನ್ನು ಕಾಡುತ್ತದೆ.

ಅಪೊಎಲ್1ನಲ್ಲೂ ಲೆಕ್ಕ ಹೆಚ್ಚುಕಡಿಮೆ ಅದೇ. ತಂದೆಯಿಂದೊಂದು, ತಾಯಿಯಿಂದೊಂದು ಬದಲಾದ ಪ್ರತಿ ಬಂದರೆ ಮೂತ್ರಪಿಂಡಕ್ಕೆ ಅಪಾಯ ಜಾಸ್ತಿ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಇಂಥ ಪ್ರೋಟೀನಿಗೇ ಹುಟ್ಟಿದಂತಿದೆ. ಹೊರಗಿನ ಶತ್ರುವಿನ ಪೊರೆ ಕೊರೆಯುವ ಅದು ಪೋಡೋಸೈಟ್‌ನೊಳಗೇ ಹೆಚ್ಚಾದರೆ ಆ ಕೋಶದ ಪೊರೆಯನ್ನೂ ಬಿಡುವುದಿಲ್ಲ. ಹಾಗಾದರೆ ಎರಡು ಪ್ರತಿ ಇರುವವರೆಲ್ಲ ರೋಗಿಗಳೇ? ಅಲ್ಲ. ಆಫ್ರಿಕನ್ ಅಮೆರಿಕನ್ನರಲ್ಲಿ ಶೇ 13ರಷ್ಟು ಜನರಿಗೆ ಎರಡು ಪ್ರತಿಗಳಿವೆ, ಅವರಲ್ಲಿ ಹೆಚ್ಚಿನವರ ಕಿಡ್ನಿ ಕೊನೆತನಕ ಚೆನ್ನಾಗಿಯೇ ಇರುತ್ತದೆ. ಮದ್ದಿನ ಮನೆಗೆ ಕಿಡಿ ಬೀಳಬೇಕು. ದೇಹ ವೈರಸ್ಸಿನ ವಿರುದ್ಧ ಇಂಟರ್‌ಫೆರಾನ್ ಎಂಬ ಪ್ರೋಟೀನು ಸುರಿಸುತ್ತದೆ, ಇಂಟರ್‌ಫೆರಾನ್ ಅಪೊಎಲ್1ನ ತಯಾರಿಕೆಯನ್ನು ಏರಿಸುತ್ತದೆ. ಎಚ್‌ಐವಿಯಷ್ಟು ದೊಡ್ಡ ಕಿಡಿ ಬೇರೊಂದಿಲ್ಲ. ಎರಡು ಪ್ರತಿ ಇರುವವರಿಗೆ ಎಚ್‌ಐವಿ ನೆಫ್ರೋಪತಿಯ ಸಾಧ್ಯತೆ ಅಮೆರಿಕದ ಅಧ್ಯಯನದಲ್ಲಿ 29 ಪಟ್ಟು, ದಕ್ಷಿಣ ಆಫ್ರಿಕಾದ ಅಧ್ಯಯನದಲ್ಲಿ 89 ಪಟ್ಟು ಹೆಚ್ಚು ಕಂಡಿತು. ಸಾಮಾನ್ಯ ಕಾಯಿಲೆಗಳ ಜೀನು ಹುಡುಕುವವರು ಒಂದೂಕಾಲು ಪಟ್ಟು ಸಿಕ್ಕರೂ ಹಿಗ್ಗುವ ಕಾಲದಲ್ಲಿ ಇವು ಕಣ್ಣುಜ್ಜಿಕೊಂಡು ನೋಡಬೇಕಾದ ಅಂಕಿಗಳು. 2020ರಲ್ಲಿ ಕೋವಿಡ್ ಬಂದಾಗ ಅದೇ ಮುದುಡಿದ ಜರಡಿಗಳು ಅದೇ ಜೀನು ಹೊತ್ತವರಲ್ಲಿ ಮತ್ತೆ ಕಂಡವು.

ಮೈಬಣ್ಣದ ಮಾತು ಏಕೆ ಅರ್ಧ ಸತ್ಯ ಎಂಬುದಕ್ಕೆ ಇಥಿಯೋಪಿಯಾ ಸಾಕ್ಷಿ. ಅಲ್ಲಿನ ಎಚ್‌ಐವಿ ಪೀಡಿತರಲ್ಲಿ ಹುಡುಕಿದರೂ ಈ ನೆಫ್ರೋಪತಿ ಸಿಗಲಿಲ್ಲ. ಆಮೇಲೆ ನೋಡಿದರೆ ಅವರಲ್ಲಿ ಜಿ1, ಜಿ2 ಕೂಡ ಇರಲಿಲ್ಲ. ಇತ್ತ ಪಶ್ಚಿಮ ಆಫ್ರಿಕಾದಲ್ಲಿ, ಘಾನಾ ಮತ್ತು ನೈಜೀರಿಯಾಗಳ ದೊಡ್ಡ ಅಧ್ಯಯನದಲ್ಲಿ, ಸುಮಾರು ಶೇ 30ರಷ್ಟು ಜನರಲ್ಲಿ ಎರಡು ಪ್ರತಿಗಳಿದ್ದವು. ಗುಲಾಮರ ಹಡಗುಗಳಲ್ಲಿ ಎಷ್ಟೋ ಆ ತೀರದಿಂದ ಹೊರಟವು, ಹಾಗಾಗಿ ಜೀನು ಬ್ರೂಕ್ಲಿನ್ ತಲುಪಿತು. ಒಂದೇ ಖಂಡದ, ಒಂದೇ ಬಣ್ಣ ಎಂದು ಹೊರಗಿನವರು ಹೇಳುವ ಜನರಲ್ಲಿ ಇಷ್ಟು ಅಂತರ. ಅಮೆರಿಕದ ಆಸ್ಪತ್ರೆಯ ಫಾರಂನಲ್ಲಿ ಇಬ್ಬರಿಗೂ ಒಂದೇ ಚೌಕದಲ್ಲಿ ಟಿಕ್ಕು.

ಆ ಚೌಕ ಇನ್ನೊಂದು ಕೇಡನ್ನೂ ಮಾಡಿತ್ತು. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಎಷ್ಟಿದೆ ಎಂದು ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕುವ ಸೂತ್ರದಲ್ಲಿ, ರೋಗಿ ಕರಿಯನಾದರೆ ಉತ್ತರವನ್ನು 1.159ರಿಂದ ಗುಣಿಸುತ್ತಿದ್ದರು. ನಿಜವಾದ ಸಂಖ್ಯೆ 18 ಇದ್ದರೆ ಕಾಗದದ ಮೇಲೆ ಸುಮಾರು 21 ಆಗುತ್ತಿತ್ತು. ಕಿಡ್ನಿ ಕಸಿಯ ಸರದಿಗೆ ಹೆಸರು ಸೇರಬೇಕಾದರೆ 20ಕ್ಕೆ ಇಳಿದಿರಬೇಕು. ಅಪಾಯ ಹೆಚ್ಚಿದ್ದವರನ್ನೇ ಸೂತ್ರ ಆರೋಗ್ಯವಂತರೆಂದು ಬಾಗಿಲ ಹೊರಗೆ ಕೂರಿಸಿತು! 2021ರಲ್ಲಿ ಆ ಗುಣಾಕಾರವನ್ನು ತೆಗೆದರು. 2023ರಿಂದ ಆಸ್ಪತ್ರೆಗಳು ಹಳೆಯ ಕಡತ ತೆಗೆದು, ಸಾವಿರಾರು ಜನರಿಗೆ ಕಳೆದುಹೋದ ಕಾಯುವಿಕೆಯ ದಿನಗಳನ್ನು ವಾಪಸು ಜಮಾ ಮಾಡಬೇಕಾಯಿತು.

ಎಚ್‌ಐವಿ ಇದ್ದವರ ಮಟ್ಟಿಗೆ ದೊಡ್ಡ ಮದ್ದು ಈಗಾಗಲೇ ಕೈಯಲ್ಲಿದೆ. ಎಆರ್‌ಟಿ ಮಾತ್ರೆಗಳು ವೈರಸ್ಸನ್ನು ಅಡಗಿಸಿದರೆ ಕಿಡಿಯೇ ಆರುತ್ತದೆ. ಡಯಾಲಿಸಿಸ್ ಹಾಸಿಗೆಯಲ್ಲಿದ್ದ ರೋಗಿಯೊಬ್ಬರು ಮಾತ್ರೆ ಶುರುವಾದ ಮೇಲೆ ಡಯಾಲಿಸಿಸ್ ಬಿಟ್ಟು ಎದ್ದದ್ದು 2001ರಲ್ಲಿ ವರದಿಯಾಯಿತು. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ನೆಫ್ರೋಪತಿ ಅಪರೂಪ. ಇಲ್ಲಿ ಕಣ್ಣಿಡಬೇಕಾದದ್ದು ದಿನದ ಮಾತ್ರೆಯಲ್ಲಿರುವ ಟೆನೊಫೊವಿರ್ ಮೇಲೆ. ಅದು ಜರಡಿಯನ್ನಲ್ಲ, ಅದರ ಕೆಳಗಿನ ಕೊಳವೆಗಳನ್ನು ಕೆಲವರಲ್ಲಿ ಕೆಡಿಸುತ್ತದೆ. ಜತೆಗಿರುವ ಡೊಲುಟೆಗ್ರಾವಿರ್ ಕಿಡ್ನಿಗೆ ಏನೂ ಮಾಡದೆಯೇ ಕ್ರಿಯಾಟಿನಿನ್ನನ್ನು ತುಸು ಏರಿಸಿ ಗಾಬರಿ ಹುಟ್ಟಿಸುತ್ತದೆ. ಆಗ ಅಗ್ಗದ ಮೂತ್ರದ ಪಟ್ಟಿಯೇ ನೆರವಿಗೆ ಬರುವುದು. ಹಳದಿ ಚೌಕ ಹಳದಿಯಾಗಿಯೇ ಉಳಿದರೆ ಸಮಾಧಾನ, ಹಸಿರಿಗೆ ತಿರುಗಿದರೆ ಪ್ರೋಟೀನು ಸೋರುತ್ತಿದೆ.

ಜೀನನ್ನೇ ಗುರಿಯಾಗಿಸಿದ ಔಷಧವೂ ಬರುತ್ತಿದೆ. ಅಪೊಎಲ್1 ಕೊರೆಯುವ ತೂತನ್ನು ಮುಚ್ಚುವ ಇನಾಕ್ಸಾಪ್ಲಿನ್ ಎಂಬ ಮಾತ್ರೆ, ಬದಲಾದ ಎರಡು ಪ್ರತಿ ಹೊತ್ತ ಕೆಲವರಲ್ಲಿ 13 ವಾರಗಳಲ್ಲಿ ಮೂತ್ರದ ಪ್ರೋಟೀನನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು ಎಂದು 2023ರಲ್ಲಿ ಪ್ರಕಟವಾಯಿತು. ಆದರೆ ಒಂದು ಪ್ರೋಟೀನಿನ ಬಾಯಿ ಮುಚ್ಚಿಸಿದರೆ ಕಿಡ್ನಿಗೆ ಬೇರೇನೂ ತೊಂದರೆಯಾಗದು ಎಂಬ ಧೈರ್ಯ ಎಲ್ಲಿಂದ? ಆ ಧೈರ್ಯದ ಒಂದು ಪಾಲು ಮಹಾರಾಷ್ಟ್ರದ ಹಳ್ಳಿಯಿಂದ ಬಂತು.

2004ರ ಸುಮಾರಿಗೆ ಅಲ್ಲಿನ ಒಬ್ಬ ರೈತರಿಗೆ ಬಿಟ್ಟುಬಿಟ್ಟು ಜ್ವರ ಬರುತ್ತಿತ್ತು. ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಓಲಾಡುತ್ತಿದ್ದ ಟ್ರಿಪನೊಸೋಮ್‌ಗಳು. ಅದೂ ದನ, ಕುದುರೆ, ಒಂಟೆಗಳಿಗೆ ಸರ್ರಾ ರೋಗ ತರುವ, ಮನುಷ್ಯನಿಗೆ ಬರಬಾರದ ಜಾತಿ. ಕಾರಣ ಹುಡುಕುತ್ತಾ ಹೋದರೆ ಅವರಲ್ಲಿ ಅಪೊಎಲ್1ನ ಎರಡೂ ಪ್ರತಿ ಕೆಟ್ಟಿದ್ದವು. ರಕ್ತದಲ್ಲಿ ಆ ಪ್ರೋಟೀನು ಇರಲೇ ಇಲ್ಲ. ಕಾವಲುಗಾರನಿಲ್ಲದ ಹೊಲಕ್ಕೆ ದನದ ರೋಗ ನುಗ್ಗಿತ್ತು. ಮೂತ್ರಪಿಂಡಗಳು ಮಾತ್ರ ಚೆನ್ನಾಗಿದ್ದವು. ಆಫ್ರಿಕಾದಲ್ಲಿ ನಿದ್ರಾರೋಗಕ್ಕೆ ಕೊಡುವ ಸುರಾಮಿನ್ ಕೊಟ್ಟರು, ರೈತರು ಗುಣವಾದರು.